ಡಿವೋರ್ಸ್ ಕೇಸ್ ನಡೆಯುವಾಗ, ಮುಗಿದ ಮೇಲೆ ಹೆಲ್ತ್ ಇನ್ಶೂರೆನ್ಸ್ ಉಳಿಸಿಕೊಳ್ಳುವುದು ಹೇಗೆ?

"ಮೇಡಂ, ನಿಮ್ಮ ಕಾರ್ಡ್ ಆಕ್ಟಿವ್ ಇಲ್ಲ ಅಂತ ತೋರಿಸ್ತಾ ಇದೆ."

ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ಕೂತಿದ್ದ ಹುಡುಗಿ ಹೀಗೆ ಹೇಳಿದಾಗ ನನಗೆ ಮೊದಲು ಅರ್ಥವೇ ಆಗಲಿಲ್ಲ. ಪಿತ್ತಕೋಶದಲ್ಲಿ ಕಲ್ಲು. ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಕೈಗೆ ಆಗಲೇ ಸಲೈನ್ ಸೂಜಿ ಚುಚ್ಚಿದ್ದರು. "ಇನ್ನೂ ಡಿವೋರ್ಸ್ ಆಗಿಲ್ಲಮ್ಮ, ಕೇಸ್ ನಡೀತಿದೆ ಅಷ್ಟೇ" ಅಂದೆ. ಆಕೆ ಪಾಪ, ಕಂಪ್ಯೂಟರನ್ನೇ ನನ್ನ ಕಡೆ ತಿರುಗಿಸಿದಳು. ಗಂಡನ ಕಂಪನಿಯ ಪಾಲಿಸಿ ಏಪ್ರಿಲ್‌ನಲ್ಲಿ ರಿನ್ಯೂ ಆಗಿತ್ತು. ಹೊಸ ಪಟ್ಟಿಯಲ್ಲಿ ಅವರ ಹೆಸರಿತ್ತು, ಮಗನ ಹೆಸರಿತ್ತು. ನನ್ನದು ಇರಲಿಲ್ಲ. ಯಾರೂ ಫೋನ್ ಮಾಡಿರಲಿಲ್ಲ, ಒಂದು ಮೆಸೇಜೂ ಬಂದಿರಲಿಲ್ಲ. ತಮ್ಮ ಬೈಕ್ ಹತ್ತಿ ಹೋಗಿ ಅಮ್ಮನ ಎರಡು ಬಳೆ ಅಡ ಇಟ್ಟು ದುಡ್ಡು ತಂದ. ಆಪರೇಷನ್ ಆಯಿತು.

ಆಮೇಲೆ ಈ ವಿಷಯದ ಹಿಂದೆ ಬಿದ್ದೆ. ನಾನು ವಕೀಲಳಲ್ಲ, ಏಜೆಂಟೂ ಅಲ್ಲ. ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುವವಳು. ನನ್ನದು ಮುಗಿದ ಮೇಲೆ ಸಿಂಧನೂರಿನ ಚಿಕ್ಕಮ್ಮನ ಮಗಳಿಗೆ, ಗಂಗಾವತಿಯ ಒಬ್ಬ ಗೆಳತಿಗೆ ಇದೇ ಕಾಗದಪತ್ರ ಮಾಡಿಸಿಕೊಟ್ಟೆ. ಮೂರು ಸಲ ಓಡಾಡಿದ ಮೇಲೆ ನನಗೆ ಗಟ್ಟಿಯಾಗಿದ್ದು ಒಂದೇ ಮಾತು: ಕೋರ್ಟಿನ ತಾರೀಖಿಗಿಂತ ಪಾಲಿಸಿಯ ರಿನ್ಯೂವಲ್ ತಾರೀಖು ಮುಖ್ಯ. ಕೋರ್ಟಿನ ತಾರೀಖು ತಪ್ಪಿದರೆ ಇನ್ನೊಂದು ಕೊಡುತ್ತಾರೆ. ರಿನ್ಯೂವಲ್ ತಪ್ಪಿದರೆ ಇಷ್ಟು ವರ್ಷ ಕಾದಿದ್ದೆಲ್ಲ ಸೊನ್ನೆಗೆ ಬರುತ್ತದೆ.

ಪರಸ್ಪರ ಒಪ್ಪಿಗೆಯ ಡಿವೋರ್ಸನ್ನೇ ನೋಡಿ. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ಬಿ ಪ್ರಕಾರ ಅರ್ಜಿ ಹಾಕುವ ಮುಂಚೆಯೇ ಒಂದು ವರ್ಷ ಬೇರೆ ಇರಬೇಕು. ಹಾಕಿದ ಮೇಲೆ ಮತ್ತೆ 6 ತಿಂಗಳು. ಈ 6 ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಆದರೂ ಬೇರೆಯಾದ ದಿನದಿಂದ ಲೆಕ್ಕ ಹಾಕಿದರೆ ನಡುವೆ ಒಂದು ರಿನ್ಯೂವಲ್ ಬಂದೇ ಬರುತ್ತದೆ. ಜಗಳದ ಕೇಸಾದರೆ ಮೂರೋ ನಾಲ್ಕೋ.

(ಹೆಂಡತಿ ಗಂಡನ ಪಾಲಿಸಿಯಲ್ಲಿ ಇದ್ದಾಳೆ ಅಂದುಕೊಂಡು ಬರೆದಿದ್ದೇನೆ. ಹೆಂಡತಿಯ ಆಫೀಸಿನ ಪಾಲಿಸಿಯಲ್ಲಿ ಗಂಡ ಇದ್ದರೆ ಇನ್ಶೂರೆನ್ಸಿನ ಹೆಜ್ಜೆಗಳು ಅವರಿಗೂ ಇವೇ.)

ಹೆಜ್ಜೆ 1: ಈಗ ಯಾವ ಪಾಲಿಸಿಯಲ್ಲಿ ಇದ್ದೀರಿ ನೋಡಿ

"ಇನ್ಶೂರೆನ್ಸ್ ಇದೆ" ಅಂತ ಎಲ್ಲರೂ ಹೇಳುತ್ತಾರೆ. ಯಾವುದು ಅಂತ ಕೇಳಿದರೆ ಸುಮ್ನಾಗುತ್ತಾರೆ. ನಮ್ಮ ಕಡೆ ಸಾಮಾನ್ಯವಾಗಿ ಇವುಗಳಲ್ಲಿ ಒಂದಿರುತ್ತದೆ.

ಕಂಪನಿಯ ಗ್ರೂಪ್ ಪಾಲಿಸಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇರಲಿ, ಬ್ಯಾಂಕ್ ಇರಲಿ, ಕಂಪನಿ ತನ್ನ ನೌಕರನಿಗೆ ಮಾಡಿಸಿರುವುದು. ಹೆಂಡತಿ ಅದರಲ್ಲಿ ಅವಲಂಬಿತೆ. ನೌಕರ ಎಚ್‌ಆರ್‌ಗೆ ಕೊಡುವ ಪಟ್ಟಿಯೇ ಇಲ್ಲಿ ಕೊನೆಯ ಮಾತು. ನನ್ನ ಹೆಸರು ಹೋಗಿದ್ದು ಹೀಗೇ.

ಫ್ಯಾಮಿಲಿ ಫ್ಲೋಟರ್. ಗಂಡ ಸ್ವಂತ ದುಡ್ಡು ಕಟ್ಟಿ ಮನೆಯವರಿಗೆಲ್ಲ ಸೇರಿಸಿ ತೆಗೆದುಕೊಂಡಿರುವ ಮೆಡಿಕ್ಲೇಮ್.

ಇಎಸ್ಐ. ತಿಂಗಳ ಸಂಬಳ 21,000 ರೂಪಾಯಿ ಒಳಗಿರುವ ಕಾರ್ಮಿಕರಿಗೆ. ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿ ಇದರಲ್ಲಿ ಬರುತ್ತಾರೆ. ಡಿವೋರ್ಸ್ ಆದ ಹೆಂಡತಿ ಬರುವುದಿಲ್ಲ.

ಸರ್ಕಾರಿ ನೌಕರರ ಯೋಜನೆ. ಗಂಡ ಮೇಷ್ಟ್ರೋ, ಪೊಲೀಸೋ ಆಗಿದ್ದರೆ ಇದು. ಇಲ್ಲೂ ಡಿಕ್ರಿ (ಡಿವೋರ್ಸ್ ಕೊಡುವ ಕೋರ್ಟಿನ ಅಂತಿಮ ಆದೇಶ) ಆದ ದಿನಕ್ಕೆ ಹೆಂಡತಿಯ ಹಕ್ಕು ಮುಗಿಯುತ್ತದೆ.

ಕೊನೆಯದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಮತ್ತು ಯಶಸ್ವಿನಿ. ಇವು ರೇಷನ್ ಕಾರ್ಡ್, ಸಹಕಾರ ಸಂಘದ ಮೇಲೆ ನಿಂತಿರುವಂಥವು. ಅದಕ್ಕೆ ಮುಂದೆ ಬೇರೆಯೇ ಜಾಗ ಕೊಟ್ಟಿದ್ದೇನೆ.

ಹೆಜ್ಜೆ 2: ಮಾತು ನಿಲ್ಲುವ ಮುಂಚೆ ಕಾಗದ ಕೈಗೆ ತೆಗೆದುಕೊಳ್ಳಿ

ತವರಿಗೆ ಬರುವಾಗ ಸೀರೆ, ಒಡವೆ, ಮಕ್ಕಳ ಮಾರ್ಕ್ಸ್ ಕಾರ್ಡ್ ಎಲ್ಲ ನೆನಪಾಗುತ್ತದೆ. ಪಾಲಿಸಿ ಯಾರಿಗೂ ನೆನಪಾಗುವುದಿಲ್ಲ. ಬೇಕಾಗುವುದು ಇಷ್ಟು: ಪಾಲಿಸಿಯ ಮೊದಲ ಎರಡು ಮೂರು ಪುಟ (ಹೆಸರುಗಳು, ಮೊತ್ತ, ಶುರು–ಕೊನೆಯ ತಾರೀಖು ಇರುವುದು), ನಿಮ್ಮ ಮತ್ತು ಮಕ್ಕಳ ಇ-ಕಾರ್ಡ್, ಹಿಂದಿನ 4–5 ವರ್ಷದ ಪಾಲಿಸಿಗಳು, ಹಳೆಯ ಕ್ಲೇಮ್ ಆಗಿದ್ದರೆ ಅದರ ಪತ್ರ. ಮೂಲಪ್ರತಿಯೇ ಬೇಕಿಲ್ಲ. ಫೋನಿನಲ್ಲಿ ಫೋಟೊ ಹೊಡೆದುಕೊಂಡರೂ ಸಾಕು, ಪಾಲಿಸಿ ನಂಬರ್ ಕಾಣಬೇಕು ಅಷ್ಟೇ.

ಹಿಂದಿನ ವರ್ಷಗಳದ್ದು ಯಾಕೆ? ನೀವು ಎಷ್ಟು ವರ್ಷದಿಂದ ಬಿಡದೆ ಪಾಲಿಸಿಯಲ್ಲಿದ್ದೀರಿ ಅನ್ನುವುದಕ್ಕೆ ಅದೇ ಸಾಕ್ಷಿ. ಶುಗರ್, ಬಿಪಿ, ಥೈರಾಯ್ಡ್ ಥರ ಮೊದಲೇ ಇರುವ ಕಾಯಿಲೆಗೆ ಇನ್ಶೂರೆನ್ಸ್ ಕಂಪನಿಗಳು ಕಾಯುವ ಅವಧಿ ಇಡುತ್ತವೆ, ಅಂದರೆ ಅಲ್ಲಿಯವರೆಗೆ ಆ ಕಾಯಿಲೆಗೆ ಕ್ಲೇಮ್ ಕೊಡುವುದಿಲ್ಲ. 2024ರಿಂದ ಅದು ಹೆಚ್ಚೆಂದರೆ 36 ತಿಂಗಳು. ನೀವು ಗಂಡನ ಫ್ಲೋಟರ್‌ನಲ್ಲಿ ಮೂರು ವರ್ಷ ಇದ್ದು ಆ ಅವಧಿ ಕಳೆದಿದ್ದರೆ, ಅದು ನಿಮ್ಮ ದೇಹದ ಮೇಲೆ ಕಳೆದ ಅವಧಿ. ದುಡ್ಡು ಯಾರೇ ಕಟ್ಟಿರಲಿ, ಅದು ನಿಮ್ಮ ಜತೆ ಬರಬೇಕು. ಹೇಗೆ ತರುವುದು ಅನ್ನುವುದು ಹೆಜ್ಜೆ 4.

ಇಲ್ಲಿ ಇನ್ನೊಂದು ಕೊಕ್ಕೆ ಇದೆ. ಪಾಲಿಸಿಯಲ್ಲಿ 'ಪ್ರೊಪೋಸರ್' ಅಂತ ಒಬ್ಬರಿರುತ್ತಾರೆ. ಫಾರಂ ತುಂಬಿ ಸಹಿ ಹಾಕಿದವರು, ಸಾಮಾನ್ಯವಾಗಿ ಗಂಡ. ಮಿಕ್ಕವರು ಬರೀ ಸದಸ್ಯರು. ರಿನ್ಯೂವಲ್ ಮೆಸೇಜ್ ಹೋಗುವುದು ಪ್ರೊಪೋಸರ್ ಫೋನಿಗೆ. ಓಟಿಪಿ ಬರುವುದೂ ಅಲ್ಲಿಗೇ. ಒಬ್ಬರ ಹೆಸರು ತೆಗೆಸಲು ಆ ಒಬ್ಬರ ಸಹಿ ಯಾರೂ ಕೇಳುವುದಿಲ್ಲ. ನನಗೆ ಮೆಸೇಜ್ ಬರದಿದ್ದುದಕ್ಕೆ ಇದೇ ಕಾರಣ. ಕ್ಯಾಶ್‌ಲೆಸ್ (ಇನ್ಶೂರೆನ್ಸ್ ಕಂಪನಿಯೇ ಆಸ್ಪತ್ರೆಗೆ ನೇರ ದುಡ್ಡು ಕೊಡುವುದು) ಸಿಗದೆ ನೀವೇ ಬಿಲ್ ಕಟ್ಟಿ ಆಮೇಲೆ ಕ್ಲೇಮ್ ಹಾಕಿದರೆ, ಆ ದುಡ್ಡು ಬೀಳುವುದು ಪ್ರೊಪೋಸರ್ ಖಾತೆಗೆ. ಗಂಗಾವತಿ ಗೆಳತಿಗೆ ಹೀಗೇ ಆಯಿತು. ಡೆಂಗ್ಯೂ ಬಂದು ಮಲಗಿದಾಗ ಅವಳ ಅಪ್ಪ ಬಿಲ್ ಕಟ್ಟಿದರು. ಕ್ಲೇಮ್ ದುಡ್ಡು ಗಂಡನ ಖಾತೆಗೆ ಹೋಯಿತು. ವಾಪಸ್ ಕೇಳಿದ್ದಕ್ಕೆ, "ಕೋರ್ಟಲ್ಲಿ ಕೇಳ್ಕೋ" ಅಂದ. ಆದ್ದರಿಂದ ಕೇಸ್ ನಡೆಯುವಾಗ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಆದಷ್ಟು ಕ್ಯಾಶ್‌ಲೆಸ್ ಇರುವ ಕಡೆಯೇ ಹೋಗಿ. ಬಿಲ್, ರಸೀದಿ, ದುಡ್ಡು ಕಟ್ಟಿದ ಯುಪಿಐ ಸ್ಕ್ರೀನ್‌ಶಾಟ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ವಕೀಲರಿಗೆ ಅದು ಬೇಕಾಗುತ್ತದೆ.

ಹೆಜ್ಜೆ 3: ಕೇಸಿನ ಒಳಗೇ ಇನ್ಶೂರೆನ್ಸ್ ಮಾತು ತನ್ನಿ

ಡಿಕ್ರಿ ಆಗುವವರೆಗೆ ನೀವು ಕಾನೂನಿನ ಲೆಕ್ಕದಲ್ಲಿ ಹೆಂಡತಿಯೇ. ಬೇರೆ ಮನೆಯಲ್ಲಿ ಇದ್ದೀರಿ ಅನ್ನುವುದರಿಂದ ಪಾಲಿಸಿಯಲ್ಲಿ ಇರುವ ಅರ್ಹತೆ ಹೋಗುವುದಿಲ್ಲ. ಹೋಗುವುದು ಪ್ರೊಪೋಸರ್ ತೆಗೆಸಿದರೆ, ಇಲ್ಲ ಪ್ರೀಮಿಯಂ ಕಟ್ಟದೇ ಬಿಟ್ಟರೆ. ಅದನ್ನು ತಡೆಯುವ ದಾರಿ ಕೋರ್ಟ್.

ಮಧ್ಯಂತರ ಜೀವನಾಂಶ ಕೇಳುವಾಗ (ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 24, ಅಥವಾ ಮೊದಲು ಸಿಆರ್‌ಪಿಸಿ 125 ಅನ್ನುತ್ತಿದ್ದೆವಲ್ಲ, 2024ರ ಜುಲೈ 1ರಿಂದ ಅದು ಬಿಎನ್‌ಎಸ್‌ಎಸ್ ಸೆಕ್ಷನ್ 144) ಬರೀ "ತಿಂಗಳಿಗೆ ಇಷ್ಟು" ಅಂತ ಬರೆಸಬೇಡಿ. ಔಷಧಿ ಖರ್ಚು, ಇನ್ಶೂರೆನ್ಸ್ ಪ್ರೀಮಿಯಂ ಬೇರೆ ಸಾಲಿನಲ್ಲಿ ಬರೆಸಿ. ಜತೆಗೆ, "ಕೇಸ್ ಮುಗಿಯುವವರೆಗೆ ಅರ್ಜಿದಾರಳ ಹೆಸರನ್ನು ಈಗಿರುವ ಪಾಲಿಸಿಯಿಂದ ತೆಗೆಯಬಾರದು" ಅಂತ ಆದೇಶ ಕೇಳಲು ವಕೀಲರಿಗೆ ಹೇಳಿ. ಹೊಡೆತ ಬಡಿತ ಇದ್ದ ಮನೆಯಾದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ಅದರ ಸೆಕ್ಷನ್ 20ರಲ್ಲಿ ವೈದ್ಯಕೀಯ ಖರ್ಚು ಕೊಡಿಸಲು ನೇರವಾಗಿಯೇ ಅವಕಾಶವಿದೆ.

2020ರಲ್ಲಿ ಸುಪ್ರೀಂ ಕೋರ್ಟ್ ರಜನೀಶ್ ವಿರುದ್ಧ ನೇಹಾ ಕೇಸಿನಲ್ಲಿ, ಜೀವನಾಂಶದ ಎಲ್ಲ ಕೇಸುಗಳಲ್ಲೂ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಲೇಬೇಕು ಅಂತ ಹೇಳಿದೆ. ಅದು ಬಂದಾಗ ಗಂಡನ ಸಂಬಳದ ಚೀಟಿ ನೋಡಿ. ಮೆಡಿಕ್ಲೇಮ್ ಅಂತ ಕಡಿತ ಆಗಿದ್ದರೆ ಪಾಲಿಸಿ ಇದೆ ಅಂತ ಅರ್ಥ. "ಯಾವ ಇನ್ಶೂರೆನ್ಸೂ ಇಲ್ಲ ಸ್ವಾಮಿ" ಅನ್ನುವ ಮಾತು ಅಲ್ಲಿಗೇ ನಿಲ್ಲುತ್ತದೆ.

ಮುಸ್ಲಿಂ ಹೆಣ್ಣುಮಕ್ಕಳಿಗೆ ಒಂದು ಮಾತು. ತಲಾಖ್ ಆದ ಮೇಲೂ 125ರ ಅಡಿ ಜೀವನಾಂಶ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಸ್ಪಷ್ಟವಾಗಿ ಹೇಳಿದೆ. "ನಿಮಗೆ ಅದು ಅನ್ವಯಿಸಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಒಪ್ಪಿಗೆಯ ಡಿವೋರ್ಸಾದರೆ ಒಪ್ಪಂದ ಪತ್ರದಲ್ಲೇ ಬರೆಸಿ. ನಾವು ಚಿಕ್ಕಮ್ಮನ ಮಗಳಿಗೆ ಬರೆಸಿದ್ದು ಹೀಗೆ (ಮೊದಲನೇ ಪಾರ್ಟಿ ಗಂಡ, ಎರಡನೇ ಪಾರ್ಟಿ ಅವಳು; ಪೋರ್ಟ್ ಅಂದರೆ ಬೇರೆ ಕಂಪನಿಯ ಪಾಲಿಸಿಗೆ ದಾಟುವುದು): "ಎರಡನೇ ಪಾರ್ಟಿಯ ಹೆಸರು ಡಿಕ್ರಿ ದಿನಾಂಕದವರೆಗೆ ಪಾಲಿಸಿಯಲ್ಲಿ ಮುಂದುವರಿಯತಕ್ಕದ್ದು. ಪೋರ್ಟ್ ಮಾಡಲು ಬೇಕಾದ ಸಹಿ, ಓಟಿಪಿ, ದಾಖಲೆಗಳನ್ನು ಮೊದಲನೇ ಪಾರ್ಟಿ ಕೇಳಿದ 7 ದಿನದೊಳಗೆ ಕೊಡತಕ್ಕದ್ದು. ಮಗುವಿನ ಪ್ರೀಮಿಯಂ ಮೊದಲನೇ ಪಾರ್ಟಿ ಕಟ್ಟತಕ್ಕದ್ದು." ವಕೀಲರು, "ಇದೆಲ್ಲ ಯಾಕಮ್ಮಾ?" ಅಂತ ನಕ್ಕರು. ಬರೆದುಕೊಟ್ಟರು ಮಾತ್ರ.

ವಕೀಲರಿಗೆ ದುಡ್ಡಿಲ್ಲವಾ? ಜಿಲ್ಲಾ ಕೋರ್ಟಿನ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಫೋನ್ 15100.

ಗಂಡನೇ ಪ್ರೀಮಿಯಂ ಕಟ್ಟಲಿ ಅನ್ನಬೇಕೋ, ಆ ದುಡ್ಡನ್ನು ನನ್ನ ಕೈಗೆ ಕೊಡಲಿ ಅನ್ನಬೇಕೋ? ಡಿಕ್ರಿ ಆಗುವ ತನಕ ಮೊದಲನೆಯದು. ಆದ ಮೇಲೆ ಖಂಡಿತ ಎರಡನೆಯದು. ಮಾಜಿ ಗಂಡ ನೆನಪಿಟ್ಟುಕೊಂಡು ಪ್ರತಿ ವರ್ಷ ನಿಮ್ಮ ಪಾಲಿಸಿ ಕಟ್ಟುತ್ತಾನೆ ಅಂತ ನಂಬಿ ಕೂತರೆ ಮತ್ತೆ ಅದೇ ಕೌಂಟರ್ ಮುಂದೆ ನಿಲ್ಲಬೇಕಾಗುತ್ತದೆ.

ಹೆಜ್ಜೆ 4: ನಿಮ್ಮದೇ ಪಾಲಿಸಿಗೆ ದಾಟಿಕೊಳ್ಳಿ

ಇದನ್ನು ನಿಧಾನವಾಗಿ ಓದಿ. ಜಾಸ್ತಿ ಜನ ಎಡವುವುದು ಇಲ್ಲೇ.

ಫ್ಯಾಮಿಲಿ ಫ್ಲೋಟರ್‌ನಲ್ಲಿ ಇದ್ದರೆ ಎರಡು ದಾರಿ. ಒಂದು, ಅದೇ ಕಂಪನಿಯಲ್ಲಿ ನಿಮ್ಮ ಹೆಸರಿಗೆ ಬೇರೆ ಪಾಲಿಸಿ ಮಾಡಿಸುವುದು. ಇದಕ್ಕೆ ಮೈಗ್ರೇಷನ್ ಅನ್ನುತ್ತಾರೆ. ರಿನ್ಯೂವಲ್‌ಗೆ ಕನಿಷ್ಠ 30 ದಿನ ಮೊದಲು ಕೇಳಬೇಕು. ಇನ್ನೊಂದು, ಬೇರೆ ಕಂಪನಿಗೆ ಹೋಗುವುದು, ಅಂದರೆ ಪೋರ್ಟ್. ಮೊಬೈಲ್ ನಂಬರ್ ಪೋರ್ಟ್ ಮಾಡುತ್ತೀವಲ್ಲ, ಹಾಗೆಯೇ. ಅದಕ್ಕೆ ರಿನ್ಯೂವಲ್‌ಗೆ 60 ದಿನ ಇರುವಾಗಿನಿಂದ 45 ದಿನ ಉಳಿಯುವಷ್ಟರಲ್ಲಿ ಅರ್ಜಿ ಹಾಕಬೇಕು.

ಲೆಕ್ಕ ಹಾಕಿ ತೋರಿಸುತ್ತೇನೆ. ಪಾಲಿಸಿ ರಿನ್ಯೂವಲ್ ಆಗಸ್ಟ್ 14 ಅಂತ ಇಟ್ಟುಕೊಳ್ಳಿ. 60 ದಿನ ಹಿಂದಕ್ಕೆ ಹೋದರೆ ಜೂನ್ 15. 45 ದಿನ ಹಿಂದೆ ಅಂದರೆ ಜೂನ್ 30. ಈ ಹದಿನೈದು ದಿನವೇ ನಿಮ್ಮ ಕಿಟಕಿ. ಜುಲೈ 20ಕ್ಕೆ ಎದ್ದು ಕೂತು "ಪೋರ್ಟ್ ಮಾಡಿಕೊಡಿ" ಅಂದರೆ ಹೊಸ ಕಂಪನಿ ಬೇಡ ಅನ್ನಬಹುದು. ನಮ್ಮ ಮನೆಯಲ್ಲಿ ಅಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆ ಜತೆಗೆ ಇದಕ್ಕೂ ಕೆಂಪು ಪೆನ್ನಿನಲ್ಲಿ ಗುಂಡು ಹಾಕಿಟ್ಟಿದ್ದಾರೆ.

ಅರ್ಜಿ ಹಾಕಿದ ಮೇಲೆ ಹಳೆ ಕಂಪನಿ 72 ಗಂಟೆಯೊಳಗೆ ನಿಮ್ಮ ವಿವರ ಕೊಡಬೇಕು. ಅದು ಸಿಕ್ಕ 5 ದಿನದಲ್ಲಿ ಹೊಸ ಕಂಪನಿ ಹೂಂ ಇಲ್ಲ ಊಹೂಂ ಅನ್ನಬೇಕು. ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಮಾಡಿದ ನಿಯಮ ಇದು. ಊಹೂಂ ಅನ್ನುವ ಹಕ್ಕು ಅವರಿಗಿದೆ, ಅದು ನೆನಪಿರಲಿ. ಅದಕ್ಕೇ ಒಂದೇ ಕಂಪನಿಯನ್ನು ನೆಚ್ಚಿಕೊಳ್ಳಬೇಡಿ. ಹೊಸದು ಕೈಗೆ ಬರುವವರೆಗೆ ಹಳೆಯದನ್ನು ಬಿಡಲೂ ಬೇಡಿ.

ಹೀಗೆ ದಾಟಿಕೊಂಡರೆ ಹಳೆ ಪಾಲಿಸಿಯಲ್ಲಿ ಕಾದ ಅವಧಿ ಹೊಸದಕ್ಕೆ ಜಮಾ ಆಗುತ್ತದೆ. ಆದರೆ ಹಳೆಯ ಮೊತ್ತದಷ್ಟಕ್ಕೆ ಮಾತ್ರ. ಹಳೆಯದು 5 ಲಕ್ಷ ಇತ್ತು, ಹೊಸದು 10 ಲಕ್ಷ ತೆಗೆದುಕೊಂಡಿರಿ ಅಂತಿರಲಿ. ಮೊದಲ 5 ಲಕ್ಷಕ್ಕೆ ಕಾಯುವುದಿಲ್ಲ, ಮೇಲಿನ 5 ಲಕ್ಷಕ್ಕೆ ಹೊಸದಾಗಿ ಕಾಯಬೇಕು.

ಗ್ರೂಪ್ ಪಾಲಿಸಿಯಿಂದ ಹೊರಬರುವವರಿಗೂ ಹಕ್ಕಿದೆ. ನೌಕರ ಮಾತ್ರ ಅಲ್ಲ, ಅವನ ಮನೆಯವರೂ ಅದೇ ಇನ್ಶೂರೆನ್ಸ್ ಕಂಪನಿಯ ವೈಯಕ್ತಿಕ ಪಾಲಿಸಿಗೆ ಹೋಗಬಹುದು. ಎಚ್‌ಆರ್‌ನವರಿಗೆ ಇದು ಗೊತ್ತೇ ಇರುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಹಾಗೆ. ಎಚ್‌ಆರ್ ಬಿಟ್ಟು ನೇರವಾಗಿ ಇನ್ಶೂರೆನ್ಸ್ ಕಂಪನಿಗೇ ಇಮೇಲ್ ಮಾಡಿ, ಇ-ಕಾರ್ಡ್ ಲಗತ್ತಿಸಿ. ಹೆಸರು ಪಟ್ಟಿಯಲ್ಲಿ ಇರುವಾಗಲೇ ಮಾಡಬೇಕು. ಹೋದ ಮೇಲೆ ಅವರ ಮನವೊಲಿಸುವುದು ಕಷ್ಟ. ನನಗೆ ಆಗಲಿಲ್ಲ.

ಆಗಲೇ ಹೆಸರು ಹೋಗಿಬಿಟ್ಟಿದ್ದರೆ

ಹೊಸ ಪಾಲಿಸಿ, ಇವತ್ತೇ. ನಾನು ಮಾಡಿದ್ದೂ ಅದೇ. ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ದುಡ್ಡು ಬರುವುದಿಲ್ಲ. ಕಲ್ಲು, ಹರ್ನಿಯಾ, ಕಣ್ಣಿನ ಪೊರೆ ಇಂಥವಕ್ಕೆ ಸಾಮಾನ್ಯವಾಗಿ 2 ವರ್ಷ ಕಾಯಬೇಕು. ಒಂದು ಸಮಾಧಾನ ಅಂದರೆ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹೆಲ್ತ್ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಮೊದಲು 18% ಇತ್ತು.

ಯಾವುದು ತೆಗೆದುಕೊಳ್ಳುವುದು ಅಂತ ತಲೆ ಕೆಟ್ಟರೆ 'ಆರೋಗ್ಯ ಸಂಜೀವನಿ' ಅಂತ ಕೇಳಿ. 2020ರಿಂದ ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರುವ ಸಾದಾ ಪಾಲಿಸಿ ಅದು. ಪ್ರತಿ ಬಿಲ್ಲಿನಲ್ಲೂ 5% ನೀವು ಹಾಕಬೇಕು, ರೂಮ್ ಬಾಡಿಗೆಗೆ ಮಿತಿ ಇದೆ. ದೊಡ್ಡ ಪಾಲಿಸಿ ಏನಲ್ಲ. ಆದರೆ ಏಜೆಂಟ್ ಬಣ್ಣ ಬಣ್ಣವಾಗಿ ಹೇಳುವುದಕ್ಕೆ ಅದರಲ್ಲಿ ಜಾಗ ಇಲ್ಲ. ರಾಜ್ಯ ಸರ್ಕಾರಿ ನೌಕರರ 'ಆರೋಗ್ಯ ಸಂಜೀವಿನಿ ಯೋಜನೆ' ಬೇರೆ, ಇದು ಬೇರೆ. ಹೆಸರು ಒಂದೇ ಥರ ಇಟ್ಟು ಜನರನ್ನು ಯಾಕೆ ಗೋಳು ಹೊಯ್ದುಕೊಳ್ಳುತ್ತಾರೋ!

ಫಾರಂನಲ್ಲಿ ಕಾಯಿಲೆ ಮುಚ್ಚಿಡಬೇಡಿ. ಕೇಸಿನ ಟೆನ್ಷನ್‌ಗೆ ನಿದ್ದೆ ಮಾತ್ರೆ, ಡಿಪ್ರೆಷನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಬರೆಯಿರಿ. ನಾಚಿಕೆ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಮಾನಸಿಕ ಕಾಯಿಲೆಗೂ ಮೈ ಕಾಯಿಲೆಯಂತೆಯೇ ಇನ್ಶೂರೆನ್ಸ್ ಕೊಡಬೇಕು. ಏಜೆಂಟ್ "ಅದೆಲ್ಲ ಬರೀಬೇಡಿ ಅಕ್ಕಾ, ರಿಜೆಕ್ಟ್ ಆಗುತ್ತೆ" ಅಂದರೆ ಬೇರೆ ಏಜೆಂಟ್ ನೋಡಿ. ನಾಳೆ ಕ್ಲೇಮ್ ರಿಜೆಕ್ಟ್ ಆದಾಗ ಅವನು ಫೋನ್ ಎತ್ತುವುದಿಲ್ಲ. ಪಾಲಿಸಿ ಕೈಗೆ ಬಂದ ಮೇಲೆ 30 ದಿನದೊಳಗೆ ಬೇಡ ಅಂತ ವಾಪಸ್ ಮಾಡಬಹುದು. ಆ 30 ದಿನ ಕೂತು ಓದುವುದಕ್ಕೆ ಬಳಸಿ.

ಆಸ್ಪತ್ರೆಗಳ ಪಟ್ಟಿಯನ್ನೂ ನೋಡಿ. ನಮ್ಮ ಕಡೆಯವರು ದೊಡ್ಡ ಕಾಯಿಲೆ ಬಂದರೆ ಊರಲ್ಲಿ ನಿಲ್ಲುವುದಿಲ್ಲ. ರಾಯಚೂರಿನವರು ಹೈದರಾಬಾದಿಗೆ, ಕೊಪ್ಪಳದವರು ಹುಬ್ಬಳ್ಳಿಗೆ, ಬಳ್ಳಾರಿಯವರು ಬೆಂಗಳೂರಿಗೆ. ಕೆಲವು ಪಾಲಿಸಿಗಳಲ್ಲಿ ಊರಿನ ಮೇಲೆ ಪ್ರೀಮಿಯಂ ಇರುತ್ತದೆ. ಸಣ್ಣ ಊರಿನ ಕಡಿಮೆ ಪ್ರೀಮಿಯಂ ಕಟ್ಟಿ ಮಹಾನಗರದಲ್ಲಿ ಅಡ್ಮಿಟ್ ಆದರೆ ಬಿಲ್ಲಿನ ಒಂದು ಪಾಲು ನಿಮ್ಮ ಮೇಲೆ ಬೀಳುತ್ತದೆ. ಕೇಳಿಯೇ ಸಹಿ ಹಾಕಿ.

ಹೆಜ್ಜೆ 5: ರೇಷನ್ ಕಾರ್ಡ್, ಆಯುಷ್ಮಾನ್, ಯಶಸ್ವಿನಿ

ಪ್ರೀಮಿಯಂ ಕಟ್ಟುವ ಶಕ್ತಿ ಇದ್ದರೂ ಇದನ್ನು ಬಿಡಬೇಡಿ. ನನ್ನ ಅಮ್ಮನ ಪ್ರಕಾರ ಇದೇ ಮೊದಲ ಹೆಜ್ಜೆ ಆಗಬೇಕಿತ್ತು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30% ಸರ್ಕಾರ ಹಾಕುತ್ತದೆ, ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ. ಇದರಲ್ಲಿ ಕಾಯುವ ಅವಧಿ ಇಲ್ಲ. ಶುಗರ್ ಮೊದಲೇ ಇತ್ತಾ ಅಂತ ಯಾರೂ ಕೇಳುವುದಿಲ್ಲ.

ತೊಡಕು ಏನೆಂದರೆ 'ಕುಟುಂಬ' ಅಂದರೆ ರೇಷನ್ ಕಾರ್ಡಿನ ಕುಟುಂಬ. ನಿಮ್ಮ ಹೆಸರು ಇನ್ನೂ ಅತ್ತೆಮನೆ ಕಾರ್ಡಿನಲ್ಲಿ ಇರುತ್ತದೆ. ಅಲ್ಲಿಂದ ತೆಗೆಸದೆ ತವರಿನ ಕಾರ್ಡಿಗೆ ಸೇರಿಸಲು ಆಗುವುದಿಲ್ಲ. ಆದರೆ ಸುಮ್ಮನೆ ತೆಗೆಸಿಬಿಡಬೇಡಿ. ತೆಗೆಸಿದ ದಿನಕ್ಕೂ ಸೇರಿಸಿದ ದಿನಕ್ಕೂ ನಡುವೆ ನೀವು ಎಲ್ಲೂ ಇಲ್ಲದವರಾಗುತ್ತೀರಿ. ಹೊಸ ಬಿಪಿಎಲ್ ಅರ್ಜಿ ಯಾವಾಗಲೂ ತೆರೆದಿರುವುದಿಲ್ಲ. ಮೊದಲು ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಹೋಗಿ, ಈಗ ಸೇರ್ಪಡೆ ನಡೆಯುತ್ತಿದೆಯಾ ಅಂತ ಕೇಳಿಕೊಳ್ಳಿ. ನಡೆಯುತ್ತಿದ್ದರೆ ಆಗ ತೆಗೆಸಿ, ಬೇಗ ಸೇರಿಸಿ. ಚಿಕ್ಕಮ್ಮನ ಮಗಳನ್ನು ಸಿಂಧನೂರಿನಲ್ಲಿ ಸೇವಾ ಕೇಂದ್ರಕ್ಕೆ ಮೂರು ದಿನ ಕರೆದುಕೊಂಡು ಹೋದೆ. ಒಂದು ದಿನ ಸರ್ವರ್ ಇಲ್ಲ. ಒಂದು ದಿನ ಅವಳ ಹೆಬ್ಬೆಟ್ಟು ಹತ್ತಲಿಲ್ಲ. ಭತ್ತದ ನಾಟಿ ಮಾಡಿ ಮಾಡಿ ಗೆರೆ ಸವೆದುಹೋಗಿದ್ದವು. ಮೂರನೇ ದಿನ ಆ ಹುಡುಗ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಉಂಗುರ ಬೆರಳು ಇಡಿಸಿದ. ಹತ್ತಿತು.

ತವರಿನ ಕಾರ್ಡಿಗೆ ಸೇರುವುದೋ, ನಿಮ್ಮದೇ ಬೇರೆ ಕಾರ್ಡೋ? ಮಕ್ಕಳೊಂದಿಗೆ ಬೇರೆ ಮನೆ ಮಾಡಿದ್ದರೆ ಸ್ವಂತ ಕಾರ್ಡೇ ಒಳ್ಳೆಯದು. 5 ಲಕ್ಷ ನಿಮ್ಮ ಕುಟುಂಬಕ್ಕೇ ಇರುತ್ತದೆ. ಗೃಹಲಕ್ಷ್ಮಿ ಸಿಗುವುದೂ ಕಾರ್ಡಿನಲ್ಲಿ ಯಜಮಾನಿ ಅಂತ ಇರುವವರಿಗೇ.

ಕಾರ್ಡ್ ಸರಿಯಾದ ಮೇಲೆ ಆಧಾರ್ ಹಿಡಿದುಕೊಂಡು ಗ್ರಾಮ ಒನ್ ಅಥವಾ ಕರ್ನಾಟಕ ಒನ್‌ಗೆ ಹೋಗಿ ಆಯುಷ್ಮಾನ್ ಕಾರ್ಡ್ ಮಾಡಿಸಿ. ಬಳಸುವಾಗ ಒಂದು ಕ್ರಮ ಇದೆ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ. ನಮ್ಮಲ್ಲಿ ಈಗಲೂ ವಿಮ್ಸ್ ಅಂತಲೇ ಕರೆಯುವ ಬಳ್ಳಾರಿ ಮೆಡಿಕಲ್ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆ ಇವೆಲ್ಲ ಇವೆ. ಅಲ್ಲಿ ಆಗದ ಚಿಕಿತ್ಸೆಗೆ ಅವರೇ ರೆಫರಲ್ ಬರೆದುಕೊಡುತ್ತಾರೆ. ಆ ಚೀಟಿ ಇದ್ದರೆ ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆ. ಹಾರ್ಟ್ ಅಟ್ಯಾಕ್‌ನಂಥ ತುರ್ತಿನಲ್ಲಿ ರೆಫರಲ್ ಇಲ್ಲದೆ ನೇರ ಹೋಗಬಹುದು.

ಯಶಸ್ವಿನಿ ಸಹಕಾರ ಸಂಘದ ಸದಸ್ಯರಿಗೆ. ಇದರಲ್ಲೂ ಕುಟುಂಬಕ್ಕೆ 5 ಲಕ್ಷ. ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದಲ್ಲಿ 1,000. ಹಾಲಿನ ಸಂಘವೋ, ಪತ್ತಿನ ಸಂಘವೋ, ಸದಸ್ಯತ್ವ ಸಾಮಾನ್ಯವಾಗಿ ಗಂಡ ಇಲ್ಲ ಮಾವನ ಹೆಸರಿನಲ್ಲಿ ಇರುತ್ತದೆ. ನಿಮ್ಮ ಹೆಸರಿನಲ್ಲಿ ಒಂದು ಷೇರು ತೆಗೆದುಕೊಂಡು ಸದಸ್ಯರಾಗಿ. ನೋಂದಣಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ನಡೆಯುತ್ತದೆ, ಕಾರ್ಯದರ್ಶಿಯನ್ನು ಕೇಳುತ್ತಿರಿ.

ನೀವೇ ಕೆಲಸಕ್ಕೆ ಹೋಗುತ್ತಿದ್ದರೆ

ಡಿವೋರ್ಸ್ ಆದ ಮೇಲೆ ಹೊಲಿಗೆ ಯೂನಿಟ್‌ಗೋ, ಅಂಗಡಿಗೋ ಸೇರಿದವರು ಸಂಬಳದ ಜತೆ ಒಂದು ಪ್ರಶ್ನೆ ಕೇಳಬೇಕು. "ಇಎಸ್ಐ ಇದೆಯಾ?" 10 ಅಥವಾ ಜಾಸ್ತಿ ಜನ ಇರುವ ಕಡೆ ಸಾಮಾನ್ಯವಾಗಿ ಇರಬೇಕು. ನಿಮ್ಮ ಪಾಲು ಸಂಬಳದ 0.75%. ತಿಂಗಳಿಗೆ 15,000 ಇದ್ದರೆ ಸುಮಾರು 113 ರೂಪಾಯಿ. ಮಾಲೀಕರು 3.25% ಹಾಕುತ್ತಾರೆ. ಅಷ್ಟಕ್ಕೆ ನಿಮಗೆ, ಮಕ್ಕಳಿಗೆ, ಅವಲಂಬಿತ ಅಪ್ಪ ಅಮ್ಮನಿಗೆ ಚಿಕಿತ್ಸೆ. ಮೊದಲೇ ಕಾಯಿಲೆ ಇದ್ದರೂ ತೊಂದರೆ ಇಲ್ಲ. ಯಾವ ಮೆಡಿಕ್ಲೇಮೂ ಈ ದರಕ್ಕೆ ಇಷ್ಟು ಕೊಡುವುದಿಲ್ಲ. ಕೆಲವು ಮಾಲೀಕರು "ಇಎಸ್ಐ ಬೇಡ ಅಂದ್ರೆ ಕೈಗೆ ಇನ್ನೂರು ಜಾಸ್ತಿ ಕೊಡ್ತೀನಿ" ಅನ್ನುತ್ತಾರೆ. ಒಪ್ಪಬೇಡಿ.

ಅಪ್ಪ ಕೇಂದ್ರ ಸರ್ಕಾರದ ನೌಕರರೋ, ಪಿಂಚಣಿದಾರರೋ ಆಗಿ ಸಿಜಿಎಚ್‌ಎಸ್ (ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ) ಇದ್ದರೆ ಅದನ್ನೂ ವಿಚಾರಿಸಿ. ಅಪ್ಪನನ್ನೇ ನೆಚ್ಚಿಕೊಂಡಿರುವ ಡಿವೋರ್ಸ್ ಆದ ಮಗಳನ್ನು, ಗಂಡನಿಂದ ಬೇರೆ ಇರುವ ಮಗಳನ್ನು ವಯಸ್ಸು ನೋಡದೆ ಅದರಲ್ಲಿ ಸೇರಿಸಬಹುದು.

ಮಕ್ಕಳು

ಮಗು ಈಗಿರುವ ಪಾಲಿಸಿಯಲ್ಲಿ ಇದ್ದರೆ ಅಲ್ಲೇ ಇರಲಿ, ಹಟಕ್ಕೆ ತೆಗೆಸಬೇಡಿ. ಡಿವೋರ್ಸ್ ಆದರೂ ಅಪ್ಪ ಅಪ್ಪನೇ. ಅವರ ಪಾಲಿಸಿಯಲ್ಲಿ ಮಗು ಮುಂದುವರಿಯಬಹುದು, ಸಾಮಾನ್ಯವಾಗಿ 25 ವರ್ಷದವರೆಗೆ. ನಿಮ್ಮ ಹೊಸ ಪಾಲಿಸಿಗೂ ಸೇರಿಸಬಹುದು. ಎರಡು ಕಡೆ ಇದ್ದರೆ ತಪ್ಪಲ್ಲ. ಒಂದೇ ಬಿಲ್ಲಿಗೆ ಎರಡು ಸಲ ಪೂರ್ತಿ ದುಡ್ಡು ತೆಗೆದುಕೊಳ್ಳುವಂತಿಲ್ಲ, ಅಷ್ಟೇ. ನನ್ನ ಮಗ ಎರಡರಲ್ಲೂ ಇದ್ದಾನೆ. ಅವನ ಇ-ಕಾರ್ಡಿನ ಫೋಟೊ ನನ್ನ ಫೋನಿನಲ್ಲಿದೆ, ಅಮ್ಮನ ಫೋನಿನಲ್ಲಿದೆ. ಸ್ಕೂಲ್ ಬ್ಯಾಗಿನಲ್ಲೂ ಒಂದು ಜೆರಾಕ್ಸ್ ಇದೆ.

ಹೆಜ್ಜೆ 6: ಡಿಕ್ರಿ ಕೈಗೆ ಬಂದ ಮೇಲೆ

ಸರ್ಟಿಫೈಡ್ ಕಾಪಿ ನಾಲ್ಕೈದು ತೆಗೆಸಿ. ಡಿಕ್ರಿ ಆದ ಮೇಲೆ ಮಾಜಿ ಗಂಡನ ಕಾರ್ಡ್ ತೋರಿಸಿ ಅಡ್ಮಿಟ್ ಆಗಬೇಡಿ. ಸಿಸ್ಟಂನಲ್ಲಿ ಹೆಸರು ಇನ್ನೂ ಇರಬಹುದು. ಆದರೆ ಅದು ಸುಳ್ಳು ಕ್ಲೇಮ್ ಆಗುತ್ತದೆ, ದುಡ್ಡು ವಾಪಸ್ ಕೇಳುತ್ತಾರೆ.

ನಾಮಿನಿ ಬದಲಿಸಿ. ಹೆಲ್ತ್ ಪಾಲಿಸಿಯಲ್ಲಿ ಮಾತ್ರ ಅಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ ಆಗುತ್ತದಲ್ಲ, ಆ ಸುರಕ್ಷಾ ಬಿಮಾ, ಮತ್ತೆ 436 ರೂಪಾಯಿಯ ಜೀವನ್ ಜ್ಯೋತಿ. ಎರಡರಲ್ಲೂ 2 ಲಕ್ಷ ಇದೆ. ನಾನು ಹೋಗಿ ನೋಡುವವರೆಗೆ ನನ್ನ ನಾಮಿನಿ ಯಾರಿದ್ದರು ಅಂತ ನಿಮಗೇ ಗೊತ್ತಾಗಿರಬೇಕು.

ರಿನ್ಯೂವಲ್ ದಿನ ಕೈಯಲ್ಲಿ ದುಡ್ಡಿಲ್ಲದಿದ್ದರೆ ವಾರ್ಷಿಕ ಪಾಲಿಸಿಗೆ ಇನ್ನೂ 30 ದಿನ ಗ್ರೇಸ್ ಇರುತ್ತದೆ. ಅದರೊಳಗೆ ಕಟ್ಟಿದರೆ ಹಳೆಯ ವರ್ಷಗಳ ಲೆಕ್ಕ ಉಳಿಯುತ್ತದೆ. ಆದರೆ ಕಟ್ಟದೇ ಇದ್ದ ಆ ದಿನಗಳಲ್ಲಿ ಅಡ್ಮಿಟ್ ಆದರೆ ಕ್ಲೇಮ್ ಇಲ್ಲ.

ಕಂಪನಿ ಕೇಳದಿದ್ದರೆ

ಪೋರ್ಟ್ ಮಾಡಲಿಲ್ಲ, ಕ್ಲೇಮ್ ಕೊಡಲಿಲ್ಲ, ಹಳೆ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹೀಗೆ ಏನೇ ಆದರೂ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಹಾಕಿ. ಫೋನಿನಲ್ಲಿ ಜಗಳ ಆಡಿದ್ದಕ್ಕೆ ದಾಖಲೆ ಇರುವುದಿಲ್ಲ. ಸರಿಹೋಗದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್, ಅಥವಾ 155255ಕ್ಕೆ ಫೋನ್. ಅದರ ಮೇಲೆ ಇನ್ಶೂರೆನ್ಸ್ ಓಂಬುಡ್ಸ್‌ಮನ್, ಅಂದರೆ ಕಂಪನಿಗೂ ನಮಗೂ ನಡುವಿನ ತಕರಾರು ತೀರ್ಮಾನಿಸುವ ಅಧಿಕಾರಿ. ನಮಗೆ ಬೆಂಗಳೂರಿನ ಕಚೇರಿ. ಫೀಸ್ ಇಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ತಕರಾರು ನೋಡುತ್ತಾರೆ. ಕಂಪನಿ ಆಗಲ್ಲ ಅಂದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ಕಂಪನಿಯ ಆ "ಆಗಲ್ಲ" ಅನ್ನುವ ಪತ್ರವನ್ನು ಸಿಟ್ಟಿನಲ್ಲಿ ಹರಿದು ಹಾಕಬೇಡಿ. ಒಂದು ವರ್ಷ ಎಣಿಸುವುದು ಅದರ ಮೇಲಿನ ತಾರೀಖಿನಿಂದ.